ಹೊರೆ ಹೊತ್ತವರನ್ನು ಕೇಳದ ಪಠ್ಯ

ಪಠ್ಯಪುಸ್ತಕದಿಂದ ಏನನ್ನಾದರೂ ಕಿತ್ತು ಹಾಕಬೇಕಾದಾಗ ನಮ್ಮ ಅಧಿಕಾರಸ್ಥರಿಗೆ ಮೊದಲು ನೆನಪಾಗುವುದು ಮಕ್ಕಳ ಬೆನ್ನ ಮೇಲಿನ ಹೊರೆ. 2020ರ ಜುಲೈಯಲ್ಲಿ, ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ, ಕರ್ನಾಟಕದಲ್ಲಿ ಶೇ 30ರಷ್ಟು ಪಠ್ಯ ಕಡಿತದ ಪಟ್ಟಿಯೊಂದು ಹೊರಬಿತ್ತು. ಏಳನೇ ತರಗತಿಯ ಹೈದರಾಲಿ, ಟಿಪ್ಪು ಸುಲ್ತಾನರ ಪಾಠ ಅದರಲ್ಲಿ ಹೊರಗುಳಿದಿತ್ತು. ಗದ್ದಲವಾದ ಮೇಲೆ ಪಟ್ಟಿಗೆ ತಡೆ ಬಿತ್ತು. ಎನ್‌ಸಿಇಆರ್‌ಟಿ 2022ರಲ್ಲಿ ಪ್ರಕಟಿಸಿ 2023ರ ಪುಸ್ತಕಗಳಲ್ಲಿ ಅಚ್ಚಾದ ಕಡಿತದಲ್ಲಿ ಹನ್ನೆರಡನೇ ತರಗತಿಯ ಇತಿಹಾಸದಿಂದ ಮೊಘಲ್ ಆಸ್ಥಾನಗಳ ಅಧ್ಯಾಯ ಹೋಯಿತು, ಹತ್ತನೇ ತರಗತಿಯ ವಿಜ್ಞಾನದಿಂದ ಜೀವವಿಕಾಸವೂ ಆವರ್ತ ಕೋಷ್ಟಕವೂ ಹೋದವು. ಕೊಟ್ಟ ಕಾರಣ ಅಲ್ಲಿಯೂ ಹೊರೆಯದೇ. ಆದರೆ ಆ ಹೊರೆ ಹೊತ್ತವರು ಯಾರೂ ಪಟ್ಟಿ ತಯಾರಾದ ಕೋಣೆಯಲ್ಲಿ ಇರಲಿಲ್ಲ.

ಈ ಮಾತಿಗೆ ನಮ್ಮ ನಾಡಿನದೇ ಒಂದು ಹಿನ್ನೆಲೆ ಇದೆ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡು, 1989ರಲ್ಲಿ ಅಲ್ಲಿ ತಮ್ಮ ಮೊದಲ ಭಾಷಣ ಮಾಡಿದಾಗ ಆರಿಸಿಕೊಂಡ ವಿಷಯ ಶಾಲಾ ಮಕ್ಕಳ ಚೀಲ. ಆ ಚರ್ಚೆ ಬೆಳೆದು 1992ರಲ್ಲಿ ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. 1993ರಲ್ಲಿ ಸಮಿತಿ ಕೊಟ್ಟ ವರದಿಯ ಮುಖ್ಯ ಮಾತನ್ನು ಎಲ್ಲರೂ ಮರೆತಂತಿದೆ. ಚೀಲದ ತೂಕಕ್ಕಿಂತ ದೊಡ್ಡ ಹೊರೆ, ಓದಿದ್ದು ಅರ್ಥವಾಗದಿರುವುದು ಎಂದು ಸಮಿತಿ ಹೇಳಿತ್ತು. ಹಾಗಿದ್ದರೆ ಹೊರೆ ಇಳಿಸುವ ಕೆಲಸ ಶುರುವಾಗಬೇಕಾದದ್ದು ಅರ್ಥವಾಗದವರ ಬಳಿಯಿಂದ. ನಾವು ಪುಟಗಳನ್ನು ಎಣಿಸಿದೆವು, ಮಕ್ಕಳನ್ನು ಮಾತಾಡಿಸಲಿಲ್ಲ.

ಕೊಪ್ಪಳ ಜಿಲ್ಲೆಯ ಕುಕನೂರನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸಬಹುದು. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದು ಕೆಲವು ವರ್ಷಗಳ ಹಿಂದಷ್ಟೇ ತಾನೇ ತಾಲೂಕು ಕೇಂದ್ರವಾದ ಊರು ಅದು. ಸುತ್ತ ಎರೆಹೊಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾದ ಜವಾಹರ ನವೋದಯ ವಿದ್ಯಾಲಯ ಈ ಜಿಲ್ಲೆಗೆ ಇರುವುದು ಕುಕನೂರಿನಲ್ಲಿಯೇ. ಹೀಗಾಗಿ ಒಂದೇ ಊರಿನಲ್ಲಿ ಒಂದೇ ವಯಸ್ಸಿನ ಮಕ್ಕಳು ಬೇರೆ ಬೇರೆ ಲೋಕಗಳಲ್ಲಿ ಓದುತ್ತಾರೆ. ನವೋದಯದ ಗೇಟಿನ ಒಳಗೆ ಕೇಂದ್ರದ ಪಠ್ಯ, ವಸತಿ, ಊಟ, ಗ್ರಂಥಾಲಯ. ಒಂಬತ್ತನೇ ತರಗತಿಯಲ್ಲಿ ಒಂದಷ್ಟು ಮಕ್ಕಳು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಗೇಟಿನ ಹೊರಗೆ ಸರಕಾರಿ ಕನ್ನಡ ಶಾಲೆ, ಉರ್ದು ಶಾಲೆ, ಕೈಲಾದವರಿಗೆ ಖಾಸಗಿ ಇಂಗ್ಲಿಷ್ ಶಾಲೆ.

ಒಳಗೆ ಹೋಗುವವರು ಯಾರು, ಹೊರಗೆ ಉಳಿಯುವವರು ಯಾರು ಎಂಬುದು ಐದನೇ ತರಗತಿಯಲ್ಲಿ ಒಂದು ಪ್ರವೇಶ ಪರೀಕ್ಷೆಯಿಂದ ತೀರ್ಮಾನವಾಗುತ್ತದೆ. ವರ್ಷಕ್ಕೆ ಹೆಚ್ಚೆಂದರೆ 80 ಸೀಟು, ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ. ಹಳ್ಳಿಗೆಂದೇ ಮೀಸಲಿಟ್ಟ ಈ ವ್ಯವಸ್ಥೆ ಒಳ್ಳೆಯದೇ, ಅನೇಕ ಬಡ ಮನೆಗಳಿಗೆ ಅದು ಬೆಳಕಾಗಿದೆ. ಆದರೆ ಅದರ ನೆರಳೂ ಇದೆ. ಉತ್ತರ ಕರ್ನಾಟಕದಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳಿಗೆ 'ನವೋದಯ ಕೋಚಿಂಗ್' ಒಂದು ದಂಧೆಯಾಗಿ ಬೆಳೆದಿದೆ. ಹತ್ತು ವರ್ಷದ ಕೂಸು ಶಾಲೆಯ ಪಾಠ ಬಿಟ್ಟು ಆಕೃತಿಗಳ ಸರಣಿಯಲ್ಲಿ ಮುಂದಿನ ಚಿತ್ರ ಯಾವುದು ಎಂದು ಗುರುತು ಹಾಕುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಸೀಟು ಸಿಗದೇ ಹಳೆಯ ಶಾಲೆಗೇ ಮರಳುವಾಗ ಆ ಕೂಸು ಹೊತ್ತು ತರುವುದು ತಾನು ದಡ್ಡ ಎಂಬ ತೀರ್ಪನ್ನು. ಪಠ್ಯಕ್ರಮದ ಬಗ್ಗೆ ಮಗುವಿನ ಮೊದಲ ಅಭಿಪ್ರಾಯ ಮೂಡುವುದು ಇಲ್ಲಿ.

ಈ ಭಾಗದ ಹೈಸ್ಕೂಲು ಮಕ್ಕಳೊಂದಿಗೆ ಪುರುಸೊತ್ತಿನಿಂದ ಕುಳಿತು ಮಾತಾಡಿದರೆ ದೂರುಗಳು ಬಹಳ ಬೇಗ ಹೊರಬರುತ್ತವೆ. ಪಾಠ ತಿಳಿಯುವ ಮೊದಲೇ ನೋಟ್ಸ್ ಬರೆಸುತ್ತಾರೆ. ಪ್ರಶ್ನೆ ಕೇಳಿದರೆ ಪೋರ್ಷನ್ ಮುಗಿಯುವುದಿಲ್ಲ ಎನ್ನುತ್ತಾರೆ. ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಅರ್ಥ ಹೇಳಿ ಮುಗಿಸುತ್ತಾರೆ, ಕೊನೆಗೆ ಇಂಗ್ಲಿಷೂ ಬರುವುದಿಲ್ಲ. ಹತ್ತನೇ ತರಗತಿಯ ಎರಡನೇ ಅರ್ಧ ಪೂರ್ತಿ 'ಪಾಸಿಂಗ್ ಪ್ಯಾಕೇಜ್'ಗೆ ಮೀಸಲು. ಈ ಪ್ಯಾಕೇಜ್ ಎಂದರೆ ಏನೆಂದು ಗೊತ್ತಿಲ್ಲದ ಓದುಗರಿಗೆ ಹೇಳಬೇಕು. ಹಿಂದುಳಿದ ವಿದ್ಯಾರ್ಥಿಗಳು ಕನಿಷ್ಠ ಅಂಕ ದಾಟುವಂತೆ ಆಯ್ದ ಪ್ರಶ್ನೆಗಳ ಗಂಟು ಅದು. ಗಣಿತದಲ್ಲಿ ಒಂದೆರಡು ಪ್ರಮೇಯ, ರಚನೆ, ನಕ್ಷೆ, ವಿಜ್ಞಾನದಲ್ಲಿ ನಾಲ್ಕಾರು ಚಿತ್ರ, ಸಮಾಜದಲ್ಲಿ ಭಾರತದ ಭೂಪಟ, ಭಾಷೆಯಲ್ಲಿ ಪತ್ರಲೇಖನ. ಇದನ್ನು ಬರೆಸಿ ಬರೆಸಿ ಕೈಗೆ ರೂಢಿ ಮಾಡಿಸುವ ಶಿಕ್ಷಕರನ್ನು ನಾವು ದೂರುವುದಿಲ್ಲ. ಅವರ ತಲೆಯ ಮೇಲೆ ಜಿಲ್ಲೆಯ ಫಲಿತಾಂಶದ ಕತ್ತಿ ತೂಗುತ್ತಿರುತ್ತದೆ, ಅನೇಕ ಕಡೆ ಹುದ್ದೆಗಳು ಖಾಲಿ ಇದ್ದು ಒಬ್ಬರೇ ಎರಡು ವಿಷಯ ನೋಡಿಕೊಳ್ಳುತ್ತಾರೆ. ಆದರೆ ಹತ್ತು ವರ್ಷ ಶಾಲೆಗೆ ಬಂದವನಿಗೆ ಕೊನೆಯ ನಾಲ್ಕು ತಿಂಗಳಲ್ಲಿ ಒಂದು ಗಂಟು ಕೊಟ್ಟು ದಾಟಿಸುವುದನ್ನು ಕಲಿಕೆ ಎನ್ನಲಾಗದು.

ಇಷ್ಟಕ್ಕೇ ನಿಂತರೆ ಇದು ಎಲ್ಲ ಊರಿನ ಕತೆ. ಕುಕನೂರಿನ ಸೀಮೆಗೆ ವಿಶೇಷವಾದದ್ದು ಭಾಷೆಯ ಸಂಗತಿ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಆ ಕೊಪಣವೇ ಇಂದಿನ ಕೊಪ್ಪಳ. ಅಂದರೆ ಒಂದು ಕಾಲಕ್ಕೆ ಈ ನೆಲದ ಮಾತೇ ಕನ್ನಡದ ಅಳತೆಗೋಲು. ಅದೇ ನೆಲದ ಹುಡುಗಿ ಇಂದು ಪರೀಕ್ಷೆಯಲ್ಲಿ 'ಯಾಕ', 'ಹೊಂಟೀನಿ', 'ಬರಂಗಿಲ್ಲ' ಎಂದು ಬರೆದರೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಬರೆಹದ ಕನ್ನಡವನ್ನು ಕಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನದು ತಪ್ಪು ಎಂದು ಕಲಿಸುವುದಕ್ಕೂ, ನಿನ್ನದು ಒಂದು ಕನ್ನಡ, ಇದು ಇನ್ನೊಂದು ಎಂದು ಕಲಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯ ರೀತಿ ಮಗುವಿನ ಬಾಯಿ ಮುಚ್ಚಿಸುತ್ತದೆ. ತರಗತಿಯಲ್ಲಿ ಮಕ್ಕಳು ಮಾತಾಡುವುದಿಲ್ಲ ಎಂದು ಆಮೇಲೆ ನಾವೇ ಬೇಸರಪಡುತ್ತೇವೆ.

ಓಣಿಯ ಆಚೆ ಉರ್ದು ಶಾಲೆಯಲ್ಲಿ ಇದೇ ನಾಟಕ ಇನ್ನೊಂದು ಲಿಪಿಯಲ್ಲಿ ನಡೆಯುತ್ತದೆ. ಈ ಭಾಗದ ಮುಸ್ಲಿಮರ ಮನೆಮಾತು ದಖನಿ. ಮಗು ಮನೆಯಲ್ಲಿ 'ನಕ್ಕೊ' ಎನ್ನುತ್ತದೆ, 'ಕಾಯ್ಕೂ' ಎಂದು ಕೇಳುತ್ತದೆ. ಪುಸ್ತಕದಲ್ಲಿರುವುದು ಲಖನೌ, ದೆಹಲಿಯ ಉರ್ದು. ದಖನಿ ಒಂದು ಕಾಲಕ್ಕೆ ಬಿಜಾಪುರದ ಆಸ್ಥಾನದ ಕಾವ್ಯಭಾಷೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ 'ಕಿತಾಬ್-ಎ-ನವರಸ' ಬರೆದದ್ದು ಅದರಲ್ಲಿಯೇ. ಆ ಮಾತು ಕೂಡ ಇಂದು ಮಗುವಿನ ಕಾಪಿ ಪುಸ್ತಕದಲ್ಲಿ ತಿದ್ದುಪಡಿಗೆ ಕಾದಿರುವ ತಪ್ಪು. ಒಂದೇ ಓಣಿಯ ಹಿಂದೂ ಮಗುವೂ ಮುಸ್ಲಿಂ ಮಗುವೂ ಒಂದೇ ಬಗೆಯ ಅಪಮಾನ ಉಂಡು ಮನೆಗೆ ಬರುತ್ತವೆ. ಉರ್ದು ಶಾಲೆಯ ಮಗುವಿಗೆ ಇನ್ನೊಂದು ಏಟೂ ಕಾದಿರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಹೋದರೆ ಅಲ್ಲಿ ಎಲ್ಲವೂ ಇಂಗ್ಲಿಷ್. ಹತ್ತು ವರ್ಷ ಕಲಿತ ಪರಿಭಾಷೆಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಬೇಕು.

ಮಾಧ್ಯಮದ ಈ ನೋವು ಈ ಸೀಮೆಗೆ ಹೊಸತಲ್ಲ. ನಿಜಾಮರ ಆಳ್ವಿಕೆಯಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಒಂದು ದೊಡ್ಡ ಸಾಹಸ. ವೈದ್ಯಕೀಯ, ವಿಜ್ಞಾನ, ಕಾನೂನು ಎಲ್ಲವನ್ನೂ ಭಾರತೀಯ ಭಾಷೆಯೊಂದರಲ್ಲಿ ಕಲಿಸಬಹುದೆಂದು ಅದು ತೋರಿಸಿತು, ಅದಕ್ಕೆಂದೇ ಅನುವಾದ ವಿಭಾಗ ಕಟ್ಟಿ ನೂರಾರು ಪುಸ್ತಕಗಳನ್ನು ಉರ್ದುವಿಗೆ ತಂದಿತು. ಇದನ್ನು ನಾವು ಹೆಮ್ಮೆಯಿಂದಲೇ ನೆನೆಯುತ್ತೇವೆ. ಆದರೆ ಆ ಸಂಸ್ಥಾನದ ಬಹುಪಾಲು ಮಕ್ಕಳ ಮನೆಮಾತು ತೆಲುಗು, ಮರಾಠಿ, ಕನ್ನಡ. ಅವರಿಗೆ ತಮ್ಮ ಭಾಷೆ ಬಹುಮಟ್ಟಿಗೆ ಕೆಳಗಿನ ತರಗತಿಗಳಿಗೇ ಮುಗಿಯುತ್ತಿತ್ತು. ಇಂಗ್ಲಿಷಿನ ನೊಗದಿಂದ ಉರ್ದುವಿನ ಮಗುವನ್ನು ಬಿಡಿಸಿದವರು ಕನ್ನಡದ ಮಗುವಿನ ಹೆಗಲಿಗೆ ಉರ್ದುವಿನ ನೊಗ ಹೂಡಿದರು. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳುವವರು ನಮ್ಮಲ್ಲಿಯೂ ಇದ್ದಾರೆ, ಆಚೆಯೂ ಇದ್ದಾರೆ.

ಆ ಕೊರತೆಗೆ ಊರವರೇ ಉತ್ತರ ಹುಡುಕಿಕೊಂಡದ್ದುಂಟು. 1920ರ ದಶಕದಲ್ಲಿ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಎಂಬ ರಾಷ್ಟ್ರೀಯ ಶಾಲೆ ಹುಟ್ಟಿತು. ಅದೇ ದಶಕದಲ್ಲಿ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಶಾಲೆಯ ಹೆಸರು ಹಮ್‌ದರ್ದ್, ನೋವಿನಲ್ಲಿ ಜೊತೆಯಾದವನು ಎಂದು ಅರ್ಥ. ಕನ್ನಡದ ಮಕ್ಕಳಿಗಾಗಿ ಹೋರಾಡಿದ ಮನುಷ್ಯ ಉರ್ದು ಹೆಸರಿಟ್ಟ. ಇಂದಿನ ಭಾಷಾ ಜಗಳಗಂಟರಿಗೆ ಇದು ತಿಳಿದಿರಲಿ. ಆ ಶಾಲೆಗಳನ್ನು ಕಟ್ಟಿದವರು ಸರಕಾರಿ ಸಮಿತಿಯಲ್ಲ. ಮಗು ಶಾಲೆ ಬಿಟ್ಟು ಮನೆಗೆ ಬಂದು ಕೂತದ್ದನ್ನು ಕಣ್ಣಾರೆ ಕಂಡವರು.

ಇಂದಿನ ಪಠ್ಯಕ್ಕೆ ಬರೋಣ. ಹೈಸ್ಕೂಲಿನ ವಿಜ್ಞಾನ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ಅನುವಾದ. ಹತ್ತನೇ ತರಗತಿಯಲ್ಲಿ ಹೂವಿನ ಭಾಗಗಳ ಚಿತ್ರವಿದೆ: ಪರಾಗಕೋಶ, ಶಲಾಕೆ, ಶಲಾಕಾಗ್ರ, ಅಂಡಾಶಯ. ಚಿತ್ರ ಬರೆದು ಭಾಗ ಗುರುತಿಸುವುದು ಪಾಸಿಂಗ್ ಪ್ಯಾಕೇಜಿನ ಖಾಯಂ ಪ್ರಶ್ನೆ. ಕೊಪ್ಪಳ ಜಿಲ್ಲೆ, ಅದರಲ್ಲಿಯೂ ಕುಷ್ಟಗಿ ಸೀಮೆ, ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಹತ್ತಿಯ ಹೊಲದಲ್ಲಿ 'ಕ್ರಾಸಿಂಗ್' ಎಂಬ ಕೆಲಸವಿರುತ್ತದೆ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಮಧ್ಯಾಹ್ನವೇ ಉಗುರಿನಿಂದ ಬಿಡಿಸಿ ಗಂಡು ಕೇಸರವನ್ನು ತೆಗೆದುಹಾಕಬೇಕು, ಒಳಗಿನ ದಂಟಿಗೆ ಗಾಯವಾಗಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂ ತಂದು ಅದರ ಪುಡಿಯನ್ನು ಈ ಹೂವಿನ ತುದಿಗೆ ಸವರಬೇಕು. ಹೊತ್ತು ಮೀರಿದರೆ ಕಾಯಿ ಕಟ್ಟುವುದಿಲ್ಲ. ಸಣ್ಣ ಕೈಗಳಿಗೆ ಈ ಕೆಲಸ ಸಲೀಸು ಎಂಬ ಕಾರಣಕ್ಕೆ ಮಕ್ಕಳನ್ನು, ಹೆಚ್ಚಾಗಿ ಹೆಣ್ಣುಮಕ್ಕಳನ್ನು, ಇದಕ್ಕೆ ಹಚ್ಚಿದ್ದು ಈ ಜಿಲ್ಲೆಯ ನಾಚಿಕೆಯ ಚರಿತ್ರೆ. ಆ ದುಡಿಮೆ ನಿಲ್ಲಲೇಬೇಕು.

ಆದರೆ ಆ ಹೊಲದಿಂದ ಬಂದ ಹುಡುಗಿ, ಇಲ್ಲವೇ ಅವ್ವ ಈ ಕೆಲಸ ಮಾಡುವುದನ್ನು ಬದುವಿನ ಮೇಲೆ ಕುಳಿತು ನೋಡಿದ ಹುಡುಗಿ, ಪರಾಗಸ್ಪರ್ಶದ ಪಾಠದ ದಿನ ತರಗತಿಯಲ್ಲಿ ಕುಳಿತಿರುತ್ತಾಳೆ. ಶಲಾಕಾಗ್ರ ಎಂಬ ಶಬ್ದ ಅವಳಿಗೆ ಕಲ್ಲು. ಆ ಶಬ್ದ ಸೂಚಿಸುವ ವಸ್ತು ಅವಳ ಬೆರಳ ತುದಿಯಲ್ಲಿದೆ. ಪಾಠ ಮಾಡುವವರು ಒಂದು ಹತ್ತಿ ಹೂ ತರಿಸಿ, ನೀನು ಇದನ್ನು ಹೇಗೆ ಮಾಡುತ್ತೀ ತೋರಿಸು ಎಂದರೆ ಆ ಗಂಟೆಯ ಮೇಷ್ಟರು ಅವಳೇ ಆಗುತ್ತಾಳೆ. ಹಾಗಾಗದೆ ಅವಳು ಚಿತ್ರವನ್ನು ಬಾಯಿಪಾಠ ಮಾಡುತ್ತಾಳೆ, ಪರೀಕ್ಷೆಯಲ್ಲಿ ಶಲಾಕೆಗೂ ಶಲಾಕಾಗ್ರಕ್ಕೂ ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುತ್ತಾಳೆ. ಯಶಪಾಲರು ಹೇಳಿದ ಹೊರೆ ಇದೇ. ಒಂದು ಅಧ್ಯಾಯ ತೆಗೆದುಹಾಕಿದರೆ ಇದು ಇಳಿಯುವುದಿಲ್ಲ.

ಇತಿಹಾಸಕ್ಕೂ ಇದೇ ಗತಿ. ಕುಕನೂರಿನಲ್ಲಿಯೇ ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯಗಳ ಗುಂಪು ಇದೆ. ಅದೇ ತಾಲೂಕಿನ ಇಟಗಿಯಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇವಾಲಯವಿದೆ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ರಾಷ್ಟ್ರಕೂಟರ ಕೊಡುಗೆಗಳನ್ನು ವಿವರಿಸಿ ಎಂಬ ಪ್ರಶ್ನೆಗೆ ಮಗು ಗೈಡಿನಿಂದ ಎಲ್ಲೋರದ ಹೆಸರು ಬರೆಯುತ್ತದೆ. ಶಾಲೆ ಬಿಟ್ಟ ಮೇಲೆ ತಾನು ಆಡುವ ಬಯಲಿನ ಪಕ್ಕದ ಕಲ್ಲುಗಳನ್ನು ನಿಲ್ಲಿಸಿದವರು ಅವರೇ ಎಂಬುದು ಉತ್ತರದಲ್ಲಿ ಬರುವುದಿಲ್ಲ.

2022ರ ಬೇಸಿಗೆಯಲ್ಲಿ ಕರ್ನಾಟಕವಿಡೀ ಪಠ್ಯಪುಸ್ತಕದ ಮಾತಾಡಿತು. ರೋಹಿತ್ ಚಕ್ರತೀರ್ಥರ ಸಮಿತಿ ಮಾಡಿದ ಪರಿಷ್ಕರಣೆಯಲ್ಲಿ ಹತ್ತನೇ ತರಗತಿಯ ಕನ್ನಡಕ್ಕೆ ಹೆಡಗೇವಾರರ ಭಾಷಣ ಸೇರಿತು, ಬಸವಣ್ಣನವರ ಪಾಠದ ಬಗ್ಗೆ ಮಠಾಧೀಶರು ಆಕ್ಷೇಪಿಸಿದರು, ದೇವನೂರ ಮಹಾದೇವ ತಮ್ಮ ಬರೆಹ ಬಳಸಲು ಕೊಟ್ಟಿದ್ದ ಒಪ್ಪಿಗೆ ಹಿಂಪಡೆದರು. ಜೂನ್‌ನಲ್ಲಿ ಸಮಿತಿ ವಿಸರ್ಜನೆಯಾಯಿತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಂಪುಟ ಕೆಲವು ಪಾಠಗಳನ್ನು ಕೈಬಿಡಲು ತೀರ್ಮಾನಿಸಿತು. ಅಷ್ಟರಲ್ಲಿ ಪುಸ್ತಕಗಳು ಮಕ್ಕಳ ಕೈಯಲ್ಲಿದ್ದವು. ಈ ಪಾಠ ಮಾಡಬೇಡಿ, ಅದರ ಬದಲು ಇದನ್ನು ಮಾಡಿ ಎಂಬ ಸೂಚನೆ ಹಿಂದೆ ಬಂತು. ಆ ವಿವಾದ ಅನಗತ್ಯವಾಗಿತ್ತು ಎಂದು ನಾವು ಹೇಳುವುದಿಲ್ಲ. ಮಗುವಿನ ಮನಸ್ಸಿಗೆ ವಿಷ ಹೋಗುವಾಗ ತಡೆಯಬೇಕಾದದ್ದು ಹಿರಿಯರೇ. ಆದರೆ ಎರಡು ಕಡೆಯವರೂ ಪಾಠಗಳನ್ನು ಎಣಿಸಿದ್ದು ತಮ್ಮ ತಮ್ಮ ಹಿರಿಯರ ಹೆಸರು ಎಷ್ಟು ಪುಟದಲ್ಲಿದೆ ಎಂಬ ಲೆಕ್ಕದಲ್ಲಿ. ನಮ್ಮ ಸಮುದಾಯದ ವೇದಿಕೆಗಳಲ್ಲಿಯೂ ಟಿಪ್ಪುವಿನ ಪಾಠಕ್ಕೆ ಎದ್ದ ದನಿಯ ಕಾಲು ಪಾಲು, ಆ ಪಾಠವನ್ನು ಓದಲು ಬಾರದೆ ಏಳನೇ ತರಗತಿಗೆ ಬಂದ ಮಗುವಿಗಾಗಿ ಏಳಲಿಲ್ಲ. ಪಾಠ ಉಳಿಯಿತು ಎಂದು ಸಿಹಿ ಹಂಚಬಹುದು. ಓದಲಾರದವನಿಗೆ ಅದು ಉಳಿದರೇನು, ಅಳಿದರೇನು?

ಪರೀಕ್ಷೆಯ ವಿಚಾರದಲ್ಲಿ ಮಕ್ಕಳನ್ನು ಆಡಿಸಿದ ಪರಿ ಇನ್ನೂ ಕೆಟ್ಟದ್ದು. 2024ರ ಮಾರ್ಚ್ 11ರಂದು ಐದು, ಎಂಟು, ಒಂಬತ್ತನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಆರಂಭವಾಯಿತು. ಮರುದಿನವೇ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಹೈಕೋರ್ಟು ಒಪ್ಪಿದ ಮೇಲೆ ಅದೇ ತಿಂಗಳ ಕೊನೆಯಲ್ಲಿ ಉಳಿದ ವಿಷಯಗಳು ನಡೆದವು. ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಮತ್ತೆ ಸುಪ್ರೀಂ ಕೋರ್ಟಿನ ತಡೆ ಬಂತು. ಸರಕಾರ, ಖಾಸಗಿ ಶಾಲೆಗಳ ಸಂಘಟನೆಗಳು, ವಕೀಲರು ಎಲ್ಲರೂ ವಾದಿಸಿದರು. ಹನ್ನೊಂದು ವರ್ಷದ ಪರೀಕ್ಷಾರ್ಥಿ ಮಾತ್ರ ನಾಳೆ ಪೇಪರು ಇದೆಯೋ ಇಲ್ಲವೋ ಎಂದು ಮನೆಯಲ್ಲಿ ಕೇಳುತ್ತ ಕುಳಿತ.

ಅದೇ ವರ್ಷ ಎಸ್ಸೆಸ್ಸೆಲ್ಸಿಗೆ ಕೊಠಡಿಗಳಲ್ಲಿ ಕ್ಯಾಮರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಶೇ 20ರ ಕೃಪಾಂಕದ ನಿಯಮ ಸಡಿಲಿಸಿದ ಮೇಲೆ. ಉಡುಪಿ ಶೇ 94, ನಮ್ಮ ಕಲ್ಯಾಣ ಕರ್ನಾಟಕದ ಯಾದಗಿರಿ ಶೇ 50.59. ಪತ್ರಿಕೆಗಳು ಇದನ್ನು ನಕಲು ನಿಂತ ಪರಿಣಾಮ ಎಂದು ಬರೆದವು. ನಿಜವೇ. ಅದರ ಜೊತೆಗೆ ಇನ್ನೊಂದು ಓದೂ ಸಾಧ್ಯ. ಹತ್ತು ವರ್ಷ ಯಾರೂ ಕೇಳದಿದ್ದ ಅಭಿಪ್ರಾಯವನ್ನು ಆ ಮಕ್ಕಳು ಖಾಲಿ ಬಿಟ್ಟ ಹಾಳೆಗಳಲ್ಲಿ ಬರೆದುಕೊಟ್ಟರು. ಅದನ್ನು ಓದಬೇಕಾದವರು ಕೃಪಾಂಕ ಸೇರಿಸಿ ಮುಚ್ಚಿದರು.

ಮಕ್ಕಳನ್ನು ಕೇಳಿ ಎಂದರೆ ತಕ್ಷಣ ಬರುವ ಆಕ್ಷೇಪ ಗೊತ್ತಿದೆ. ಅವರಿಗೇನು ತಿಳಿಯುತ್ತದೆ, ಗಣಿತ ಬೇಡ ಎನ್ನುತ್ತಾರೆ, ದಿನವೂ ಆಟ ಬೇಕೆನ್ನುತ್ತಾರೆ. ಏನು ಕಲಿಯಬೇಕು ಎಂಬುದನ್ನು ಹಿರಿಯರು ನಿರ್ಧರಿಸಲಿ, ಅದಕ್ಕೆ ನಮ್ಮ ತಕರಾರಿಲ್ಲ. ಕಲಿಸಿದ್ದು ತಲುಪಿತೇ ಇಲ್ಲವೇ ಎಂಬುದಕ್ಕೆ ಮಾತ್ರ ಮಗುವಲ್ಲದೆ ಬೇರೆ ಸಾಕ್ಷಿಯೇ ಇಲ್ಲ. ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ, ಶಾಲೆಯಿಂದ ಫೇಲಾಗಿ ಹೊರಬಿದ್ದ ರೈತರ ಮಕ್ಕಳು ಲೊರೆಂಜೊ ಮಿಲಾನಿ ಎಂಬ ಪಾದ್ರಿಯ ಬಳಿ ಓದುತ್ತಿದ್ದರು. ಅವರಲ್ಲಿ ಎಂಟು ಮಂದಿ ಸೇರಿ ಫೇಲ್ ಮಾಡಿದ ಶಿಕ್ಷಕಿಗೆ ಪತ್ರರೂಪದ ಒಂದು ಪುಸ್ತಕ ಬರೆದರು, 1967ರಲ್ಲಿ ಅದು ಅಚ್ಚಾಯಿತು. ಅಳುವುದರ ಬದಲು ಅವರು ಅಂಕಿಅಂಶ ತೆಗೆದು, ಫೇಲಾಗುವವರ ಅಪ್ಪಂದಿರು ಏನು ಕೆಲಸ ಮಾಡುತ್ತಾರೆ ಎಂದು ಲೆಕ್ಕ ಹಾಕಿ ತೋರಿಸಿದರು. ದಡ್ಡರೆನಿಸಿಕೊಂಡವರು ಮಾಡಿದ ಆ ಲೆಕ್ಕವನ್ನು ಹತ್ತಾರು ಭಾಷೆಗಳಲ್ಲಿ ಜನ ಓದಿದರು.

ಅಷ್ಟು ದೂರ ಹೋಗಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಕಟ್ಟಿದರು. ಮಕ್ಕಳು ಗುಂಪಾಗಿ ಕೂರುತ್ತಾರೆ, ಕಲಿಕೆಯ ಏಣಿಯನ್ನು ತಮ್ಮ ವೇಗದಲ್ಲಿ ಏರುತ್ತಾರೆ, ಜಾತ್ರೆಗೋ ಕೂಲಿಗೋ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಗುವಿನ ವರ್ತನೆಯನ್ನೇ ಅಭಿಪ್ರಾಯವೆಂದು ಓದಿದ ಪದ್ಧತಿ ಇದು. 2009-10ರಿಂದ ರಾಜ್ಯವಿಡೀ ಹರಡಿತು. ಹರಡಿದ ಮೇಲೆ ಅನೇಕ ಕಡೆ ಕಾರ್ಡು ಉಳಿಯಿತು, ಜೀವ ಹೋಯಿತು, ಆ ಮಾತು ಬೇರೆ. ಮೂರನೇ ತರಗತಿ ದಾಟಿದ ಮಗು ನಾಲ್ಕರಲ್ಲಿ ಮತ್ತೆ ಕಪ್ಪು ಹಲಗೆಯ ಎದುರು ಸಾಲಾಗಿ ಕೂತು ಕೈಕಟ್ಟುತ್ತದೆ. ದುಡಿಯಲು ಮಂಗಳೂರಿಗೋ ಗೋವಾಕ್ಕೋ ಅಪ್ಪ ಅವ್ವನ ಜೊತೆ ಹೋಗಿ ಬರುವ ಕುಕನೂರು ಸೀಮೆಯ ಮಕ್ಕಳಿಗೆ ಬಿಟ್ಟಲ್ಲಿಂದ ಹಿಡಿಯುವ ಆ ವ್ಯವಸ್ಥೆ ನಾಲ್ಕನೇ ತರಗತಿಯಿಂದಲೇ ಹೆಚ್ಚು ಬೇಕಾಗಿತ್ತು.

ಕೇಳುವ ವೇದಿಕೆಯೇ ಇಲ್ಲ ಎನ್ನುವಂತಿಲ್ಲ. ತೊಂಬತ್ತರ ದಶಕದಲ್ಲಿ ಕುಂದಾಪುರ ಸೀಮೆಯಲ್ಲಿ ದುಡಿಯುವ ಮಕ್ಕಳ ಭೀಮಸಂಘದ ಕೆಲಸದಿಂದ ಮಕ್ಕಳ ಪಂಚಾಯಿತಿಗಳು ಮೂಡಿದವು. ಆಮೇಲೆ ಸರಕಾರವೇ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿತು. ಕುಕನೂರಿನ ಸುತ್ತಲಿನ ಪಂಚಾಯಿತಿಗಳಿಗೂ ಅದು ಅನ್ವಯ. ಅಲ್ಲಿ ಮಕ್ಕಳು ಕೇಳುವುದು ಶೌಚಾಲಯ, ಕಾಂಪೌಂಡ್, ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಬಸ್ಸು. ಕೇಳಬೇಕಾದದ್ದೇ. ಪಾಠ ತಿಳಿಯುತ್ತಿಲ್ಲ ಎಂಬ ಮಾತಿಗೆ ಅಲ್ಲಿ ಕಾಲಮ್ಮಿಲ್ಲ, ಏಕೆಂದರೆ ಅದು ಪಂಚಾಯಿತಿಯ ಕೈಯಲ್ಲಿಲ್ಲ. ಪಿಡಿಒ ಕಾಂಪೌಂಡ್ ಕಟ್ಟಿಸಬಲ್ಲರು, ಶಲಾಕಾಗ್ರವನ್ನು ಏನು ಮಾಡಿಯಾರು? ಆದರೆ ನಡಾವಳಿಯ ಪ್ರತಿಯೊಂದನ್ನು ಮುನಿರಾಬಾದಿಗೆ ಕಳಿಸಲು ಅವರಿಗೆ ಅಡ್ಡಿಯಿಲ್ಲ. ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಇರುವುದು ಅಲ್ಲಿ. ಯಾವ ಪಾಠ ತಿಳಿಯಲಿಲ್ಲ, ಯಾವ ಶಬ್ದ ಅಡ್ಡ ಬಂತು, ಯಾವ ದಿನದ ಪಾಠ ಚೆನ್ನಾಗಿತ್ತು ಎಂದು ಪ್ರತಿ ಶಾಲೆಯ ಮಕ್ಕಳು, ಹೆಸರು ಹಾಕದೆ, ತಮ್ಮ ಮಾತಿನಲ್ಲಿಯೇ, ದಖನಿಯಾದರೆ ದಖನಿಯಲ್ಲಿಯೇ, ಒಂದು ಪುಟ ಬರೆದುಕೊಡಲಿ. ಮುಂದಿನ ತರಬೇತಿಯ ಮೊದಲ ದಿನ ಶಿಕ್ಷಕರ ಕೈಗೆ ಸುತ್ತೋಲೆಯ ಬದಲು ಆ ಪುಟಗಳನ್ನು ಕೊಡಲಿ. ಇದಕ್ಕೆ ಸಂಪುಟದ ಒಪ್ಪಿಗೆ ಬೇಕಿಲ್ಲ, ಸಮಿತಿ ಬೇಕಿಲ್ಲ. ಅಂಚೆ ಖರ್ಚನ್ನು ಪಂಚಾಯಿತಿ ಭರಿಸಬಹುದು.